ವಾಲಗದವರಿಗೆ ಸ್ವಲ್ಪ ಮೆಲ್ಲ ಊದ್ಲಿಕ್ಕೆ ಹೇಳಿ

ಮಂಗಳೂರಿನಲ್ಲಿ ರಾಜಕೀಯದ ಜಗಳ ಒಂದು ಲೋಟ ಚಾ ಖಾಲಿಯಾಗುವಷ್ಟರಲ್ಲಿ ಮುಗಿಯುತ್ತದೆ. ಜಾಗದ ಗಡಿಯ ಜಗಳ ಕೋರ್ಟಿಗೆ ಹೋಗಿ ಮೊಮ್ಮಕ್ಕಳ ಕಾಲಕ್ಕಾದರೂ ಇತ್ಯರ್ಥವಾಗುತ್ತದೆ. ಇತ್ಯರ್ಥವೇ ಇಲ್ಲದ ಜಗಳ ಒಂದೇ: ಈ ಊರಿನ ಹಾಡು-ಸಂಗೀತದ ಮೇಲೆ ಎಲ್ಲರಿಗಿಂತ ಹೆಚ್ಚು ಪ್ರಭಾವ ಬೀರಿದವರು ಯಾರು? ಪ್ರಶ್ನೆ ಕೇಳುವವನಿಗೆ ಏನೂ ಆಗುವುದಿಲ್ಲ. ಉತ್ತರ ಹೇಳಿದವನು ಮಾತ್ರ ಆ ಮನೆಯಲ್ಲಿ ಊಟ ಮಾಡಿ ಬರುವ ಆಸೆ ಬಿಡಬೇಕು.

ಬೇರೆ ಊರುಗಳಲ್ಲಿ ಈ ವಾದಕ್ಕೆ ಒಂದು ಅಂಗಳ ಇರುತ್ತದೆ. ಮದ್ರಾಸಿನವರು ಅರಿಯಾಕುಡಿಯೋ ಜಿ.ಎನ್.ಬಿ.ಯೋ ಎಂದು ಆ ಅಂಗಳದೊಳಗೇ ಕಾದಾಡುತ್ತಾರೆ. ಧಾರವಾಡದವರಿಗೆ ಮನ್ಸೂರರೋ ಭೀಮಸೇನ ಜೋಶಿಯವರೋ ಎಂಬ ಚಿಂತೆ. ಯಾರು ಗೆದ್ದರೂ ಮನೆಯವರೇ. ನಮ್ಮಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಂದು ಒಂದೇ ಓಣಿಯಲ್ಲಿ ನಾಲ್ಕು ಭಾಷೆ, ಒಂದೊಂದಕ್ಕೂ ಒಬ್ಬ ಚಕ್ರವರ್ತಿ. ಹಾಗಾಗಿ ಎದುರಾಳಿಯ ಗಾಯಕನ ಒಂದೇ ಒಂದು ಹಾಡನ್ನೂ ಕೇಳದೆ ಆತನನ್ನು ಸೋಲಿಸಿಬಿಡುವ ಸೌಕರ್ಯ ನಮಗೆ ಉಂಟು.

ನಮ್ಮ ದೊಡ್ಡಪ್ಪ ಯಕ್ಷಗಾನದ ಭಾಗವತ ಬಲಿಪರ ಪಕ್ಷ. ಅವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಸಂಜೆ ಕದ್ರಿ ಪಾರ್ಕಿನ ಬೆಂಚಿನ ಮೇಲೆ ಅವರ ಜೊತೆ ಕೂರುವವರೂ ಬ್ಯಾಂಕಿನವರೇ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಮರುವರ್ಷ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ. ಇಷ್ಟೆಲ್ಲ ವಿಲೀನವಾದರೂ ಆ ಬೆಂಚಿನ ಮೇಲಿನ ಬಲಿಪರ ಪಕ್ಷ ಮತ್ತು ಮಂಡೆಚ್ಚರ ಪಕ್ಷ ಮಾತ್ರ ಈ ತನಕ ವಿಲೀನವಾಗಿಲ್ಲ.

ದೊಡ್ಡಪ್ಪನ ವಾದ ಹೀಗೆ: ಮೈಕ್ ನಂಬದ ಕಂಠ ಬೇರೆ, ಮೈಕ್ ನಂಬಿದ ಕಂಠ ಬೇರೆ. ಹಿರಿಯ ಬಲಿಪ ನಾರಾಯಣ ಭಾಗವತರ ಹೆಸರನ್ನೂ ಹಾಡಿನ ಕ್ರಮವನ್ನೂ ಮೊಮ್ಮಗ ಬಲಿಪ ನಾರಾಯಣ ಭಾಗವತರು ಒಟ್ಟಿಗೇ ಎತ್ತಿಕೊಂಡರು. ಆ ಏರು ಶ್ರುತಿ ಚೆಂಡೆಯನ್ನು ಸೀಳಿಕೊಂಡು ಗದ್ದೆಯಾಚೆ ತಲುಪಬೇಕು, ತಲುಪುತ್ತಿತ್ತು. ಅವರು ಹಾಡಿದ್ದಲ್ಲದೆ ಪ್ರಸಂಗಗಳನ್ನೂ ಬರೆದರು, ಅದರಲ್ಲೂ ಐದು ದಿನ ಆಡುವ ದೇವಿಮಹಾತ್ಮೆ. "ಐದು ದಿನ ಮಾರಾಯ! ನೀವೆಲ್ಲ ಒಂದು ರಾತ್ರಿಯ ಆಟವನ್ನೇ ಕಾಲಮಿತಿ ಮಾಡಿ ಮೂರು ಗಂಟೆಗೆ ಇಳಿಸಿದವರು" ಎಂದು ದೊಡ್ಡಪ್ಪ ನನ್ನ ಮುಖ ನೋಡಿ ಹೇಳುತ್ತಾರೆ, ಕಾಲಮಿತಿಯನ್ನು ನಾನೇ ಕಂಡುಹಿಡಿದೆನೋ ಎಂಬಂತೆ.

ಮಂಡೆಚ್ಚರ ಪಕ್ಷದವರು ಇದಕ್ಕೆಲ್ಲ ಜಗ್ಗುವುದಿಲ್ಲ. ದಾಮೋದರ ಮಂಡೆಚ್ಚರು ಕಲ್ಲಾಡಿ ವಿಠಲ ಶೆಟ್ಟರ ಕರ್ನಾಟಕ ಮೇಳದಲ್ಲಿ ಹಾಡುತ್ತಿದ್ದಾಗ ಟಿಕೆಟ್ ಕೊಟ್ಟು ಟೆಂಟಿನೊಳಗೆ ಹೋದವರು ವೇಷಕ್ಕಾಗಿ ಅಲ್ಲ, ಪದ್ಯಕ್ಕಾಗಿ ಹೋದದ್ದು ಎಂಬುದು ಅವರ ಹೇಳಿಕೆ. "ತೆಂಕುತಿಟ್ಟಿಗೆ ರಾಗ ಕಲಿಸಿದ್ದು ಯಾರು ಸ್ವಾಮೀ?" ಎಂದು ಅವರು ಕೇಳಿದರೆ, "ರಾಗ ಕಲಿಸಿದ್ದಲ್ಲ, ಯಕ್ಷಗಾನಕ್ಕೆ ಕಛೇರಿ ಕಲಿಸಿದ್ದು" ಎಂದು ದೊಡ್ಡಪ್ಪ. ಇಷ್ಟಾಗುವಾಗ ಕತ್ತಲಾಗುತ್ತದೆ, ಸೊಳ್ಳೆ ಕಚ್ಚಲು ತೊಡಗುತ್ತದೆ, ಸಭೆ ಮರುದಿನಕ್ಕೆ ಮುಂದೂಡಲ್ಪಡುತ್ತದೆ. 2023ರ ಫೆಬ್ರವರಿಯಲ್ಲಿ ಬಲಿಪರು ತೀರಿಕೊಂಡಾಗ ದೊಡ್ಡಪ್ಪ ಕೆಲವು ದಿನ ಬೆಂಚಿಗೆ ಹೋಗಲಿಲ್ಲ. ಮಂಡೆಚ್ಚರ ಪಕ್ಷದವರೇ ಮನೆಗೆ ಬಂದು, ಚಾ ಕುಡಿದು, ಮಾತಿಲ್ಲದೆ ಕೂತು ಎದ್ದು ಹೋದರು.

ನಮ್ಮ ಭಾವ ಕುಂದಾಪುರ ಕಡೆಯವರು. ಮದುವೆಯಾಗಿ ಮಂಗಳೂರಿಗೆ ಬಂದು ದಶಕಗಳಾದರೂ ಬಡಗುತಿಟ್ಟಿನ ರಾಯಭಾರಿಯ ಹುದ್ದೆಗೆ ರಾಜೀನಾಮೆ ಕೊಟ್ಟಿಲ್ಲ. ಅವರಿಗೆ ಉತ್ತರ ಒಂದೇ: ಜಿ.ಆರ್. ಕಾಳಿಂಗ ನಾವಡರು. ಸಾಲಿಗ್ರಾಮ ಮೇಳದಲ್ಲಿ ಹಾಡುತ್ತಾ, 'ನಾಗಶ್ರೀ'ಯಂತಹ ಪ್ರಸಂಗ ಬರೆಯುತ್ತಾ, 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗೆ ಮೂವತ್ತೆರಡು ವರ್ಷ ಕೂಡ ತುಂಬಿರಲಿಲ್ಲ. "ನಿಮ್ಮ ಬಾಕಿಯವರೆಲ್ಲ ಎಂಬತ್ತು ವರ್ಷ ಬದುಕಿ ಮಾಡಿದ ಪ್ರಭಾವ ಲೆಕ್ಕಕ್ಕಿಲ್ಲ, ಮೂವತ್ತೆರಡಕ್ಕೆ ಎಷ್ಟು ಮಾಡಿದ್ದಾರೆ ಅಂತ ಭಾಗಾಕಾರ ಮಾಡಿ ನೋಡಿ" ಎನ್ನುತ್ತಾರೆ ಭಾವ. ಬ್ಯಾಂಕಿನವರ ಮುಂದೆ ಭಾಗಾಕಾರ ಎತ್ತಿದ್ದು ಅವರ ಜಾಣತನ. ಅವತ್ತು ಬೆಂಚು ಸ್ವಲ್ಪ ಹೊತ್ತು ಸುಮ್ಮನಾಗಿತ್ತು.

ನಾನು ಯಾವ ಪಕ್ಷ ಎಂದು ಕೇಳಿದರೆ ನನ್ನ ಕಷ್ಟವೇ ಬೇರೆ. ನಾನು ಭಾಗವತಿಕೆ ಕಲಿತದ್ದು, ಅಂದರೆ ಕೇಳಲು ಕಲಿತದ್ದು, ಕ್ಯಾಸೆಟ್ಟಿನಿಂದ. ನಮ್ಮ ಸೋದರಮಾವ ದುಬೈಯಿಂದ ಬರುವಾಗ ಒಂದು ಟೂ-ಇನ್-ವನ್ ತಂದಿದ್ದರು. ಆಗ ಮಂಗಳೂರಿನಲ್ಲಿ ಗಲ್ಫಿಗೆ ಹೋದ ಪ್ರತಿಯೊಬ್ಬ ಮಾವನ ಸೂಟ್‌ಕೇಸಿನಿಂದ ಬರುತ್ತಿದ್ದದ್ದು ಅದೇ: ಒಂದು ಟೂ-ಇನ್-ವನ್, ಅರ್ಧ ಡಜನ್ ಖಾಲಿ ಕ್ಯಾಸೆಟ್, ಟೈಗರ್ ಬಾಮ್. ಮಾವ ರಜೆಯಲ್ಲಿದ್ದಷ್ಟು ದಿನ ಅದನ್ನು ಹೆಗಲಿಗೆ ಹಾಕಿಕೊಂಡು ಆಟಕ್ಕೆ ಹೋಗುತ್ತಿದ್ದರು. ರಂಗಸ್ಥಳದ ಬುಡದಲ್ಲಿ ಅಂಥದ್ದೇ ಇನ್ನೂ ನಾಲ್ಕಾರು ಯಂತ್ರಗಳು ಸಾಲಾಗಿ ಕೂತಿರುತ್ತಿದ್ದವು. ತೊಂಬತ್ತು ನಿಮಿಷದ ಕ್ಯಾಸೆಟ್ಟು. ನಲವತ್ತೈದು ನಿಮಿಷಕ್ಕೆ ಒಂದು ಮಗ್ಗುಲು ಮುಗಿಯುತ್ತದೆ. ಪದ್ಯ ಎಲ್ಲಿದೆ ಎಂದು ಕ್ಯಾಸೆಟ್ಟು ಕೇಳುವುದಿಲ್ಲ. ಭಾಗವತರು ಪಲ್ಲವಿ ಮುಗಿಸಿ, ಚರಣಕ್ಕೆ ಏರಿ, ಮದ್ದಳೆ ಬಿಡ್ತಿಗೆಗೆ ಕೈ ಎತ್ತುವಷ್ಟರಲ್ಲಿ 'ಟಕ್'. ನಿದ್ದೆಗಣ್ಣಿನ ಮಾವ ಮುಚ್ಚಳ ತೆರೆದು, ಮಗ್ಗುಲು ಬದಲಿಸಿ, ಎರಡು ಗುಂಡಿಯನ್ನು ಒಟ್ಟಿಗೆ ಒತ್ತುವಾಗ ಅತ್ತ ಪದ್ಯ ಮುಗಿದು ಅರ್ಥಗಾರಿಕೆ ಶುರುವಾಗಿರುತ್ತಿತ್ತು.

ಆ ಕ್ಯಾಸೆಟ್ಟನ್ನು ಮನೆಯಲ್ಲಿ ಎಷ್ಟು ಸಲ ಹಾಕಿದೆವೆಂದರೆ ಆ 'ಟಕ್' ಕೂಡ ನಮಗೆ ತಾಳದ ಭಾಗವೇ ಆಗಿಹೋಯಿತು. ಎಷ್ಟೋ ವರ್ಷಗಳ ಮೇಲೆ ಒಂದು ಬಯಲಾಟದಲ್ಲಿ ಅದೇ ಪ್ರಸಂಗದ ಅದೇ ಪದ್ಯ ಬಂತು. ಭಾಗವತರು ಆ ಜಾಗ ತಲುಪಿದರು, ದಾಟಿದರು, ಇನ್ನೂ ಮೂರು ಆವರ್ತ ಹಾಡಿದರು. ಜನ ತಲೆದೂಗುತ್ತಿದ್ದರು. ನನಗೆ ಮಾತ್ರ, ಇವರು ಇಲ್ಲದ್ದನ್ನು ಸೇರಿಸಿ ಎಳೆಯುತ್ತಿದ್ದಾರೆ ಎಂದು ಸಿಟ್ಟು ಬಂತು. ಆ ಪದ್ಯದ ಮಟ್ಟಿಗೆ ನನ್ನ ಮೇಲೆ ಪ್ರಭಾವ ಬೀರಿದವರು ಭಾಗವತರೋ, ಮಾವನ ನಿದ್ದೆಯೋ ಎಂಬುದನ್ನು ಬೆಂಚಿನ ಮುಂದೆ ಇಡುವ ಧೈರ್ಯ ನನಗೆ ಈ ತನಕ ಆಗಿಲ್ಲ.

ಯಕ್ಷಗಾನದ ಹೊರಗೂ ಮಂಗಳೂರು ಉಂಟು ಎಂದು ನೆನಪಿಸುವವರು ಆಚೆಮನೆಯ ಕೊಂಕಣಿ ಕ್ರಿಶ್ಚಿಯನ್ ಬಾಯಿ. ಅವರ ಲೆಕ್ಕದಲ್ಲಿ ಈ ಚರ್ಚೆಯೇ ಅನಗತ್ಯ. ಉತ್ತರ ವಿಲ್ಫಿ ರೆಬಿಂಬಸ್ ಎಂದು ದೇವರೇ ನಿರ್ಧರಿಸಿ ಆಗಿದೆ. ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡಿ, 'ಕೊಂಕಣ್ ಕೋಗುಳ್' ಎನಿಸಿಕೊಂಡವರು. ವಿಲ್ಫಿ ನೈಟ್ ಎಂದರೆ ಬೊಂಬಾಯಿಯಿಂದ ಗಲ್ಫಿನವರೆಗೂ ಮಂಗಳೂರಿನವರು ಕುರ್ಚಿ ಹಿಡಿದು ಕೂರುತ್ತಿದ್ದರು. 2010ರಲ್ಲಿ ಅವರು ಹೋದ ಮೇಲೂ ಮದುವೆಗೆ ಮುಂಚಿನ ರೋಸ್ ಶಾಸ್ತ್ರದಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗ ಯಾರಾದರೊಬ್ಬರು ಅವರ ಹಾಡು ಎತ್ತದೆ ಇರುವುದಿಲ್ಲ. "ನಿಮ್ಮ ಭಾಗವತರು ರಾತ್ರಿ ಹಾಡಿದ್ದು ಬೆಳಿಗ್ಗೆ ಯಾರ ಬಾಯಲ್ಲುಂಟು? ವಿಲ್ಫಿಯಬ್‌ನದ್ದು ಅಡುಗೆಮನೆಯಲ್ಲಿ ಉಂಟು" ಎನ್ನುತ್ತಾರೆ. ಕೊಂಕಣಿಯವರ ಜೊತೆ ಹಾಡಿನ ವಿಷಯದಲ್ಲಿ ಪಂತಕ್ಕೆ ಇಳಿಯಬಾರದು. 2008ರಲ್ಲಿ ಎರಿಕ್ ಒಝೇರಿಯೊ ಅವರ ಮಾಂಡ್ ಸೊಭಾಣ್ ಸಂಸ್ಥೆ ಶಕ್ತಿನಗರದ ಕಲಾಂಗಣದಲ್ಲಿ ನಲವತ್ತು ಗಂಟೆ ಎಡೆಬಿಡದೆ ಕೊಂಕಣಿ ಹಾಡಿಸಿ ಗಿನ್ನೆಸ್ ದಾಖಲೆ ಬರೆಯಿತು. ನಲವತ್ತು ಗಂಟೆ ಎಂದಾಗ ಐದು ದಿನದ ದೇವಿಮಹಾತ್ಮೆಯ ದೊಡ್ಡಪ್ಪನೂ ಹುಬ್ಬು ಏರಿಸಿದ್ದನ್ನು ನಾನು ನೋಡಿದ್ದೇನೆ.

ಬಂದರಿನಲ್ಲಿ ಅಂಗಡಿ ಇರುವ ನನ್ನ ಗೆಳೆಯನಿಗೆ ಮಹಮ್ಮದ್ ರಫಿ ಬಿಟ್ಟು ಬೇರೆ ಹೆಸರು ಗೊತ್ತಿಲ್ಲ. ರಫಿ ಮಂಗಳೂರಿನವರಲ್ಲ ಎಂದರೆ, "ಕನ್ನಡದಲ್ಲಿ ಹಾಡಿಲ್ವಾ? 'ಒಂದೇ ಬಳ್ಳಿಯ ಹೂಗಳು' ನೋಡಿಲ್ವಾ?" ಎಂದು ನಮ್ಮ ಬಾಯಿ ಮುಚ್ಚಿಸುತ್ತಾನೆ. ಅಕ್ಕನ ಮಗನದ್ದು ದಿನಕ್ಕೊಂದು ಪಕ್ಷ. 'ಉಪೇಂದ್ರ', 'ಜೋಗಿ'ಯ ಗುರುಕಿರಣ್ ನಮ್ಮೂರಿನವರು ಎಂಬ ಹೆಮ್ಮೆ ಒಂದು ದಿನ. ಮರುದಿನ ಪಟ್ಲ ಸತೀಶ ಶೆಟ್ಟಿಯವರ ಪದ್ಯದ ತುಣುಕು ಮೊಬೈಲಿನಲ್ಲಿ. ಹುಡುಗರನ್ನು ಮತ್ತೆ ಆಟದ ಬಯಲಿಗೆ ತಂದವರು ಪಟ್ಲರು ಎಂಬುದು ಅವನ ವಾದ, ಅದರಲ್ಲಿ ಹುರುಳೂ ಉಂಟು. ಅಲ್ಲದೆ 2015ರಲ್ಲಿ ಪಟ್ಲ ಫೌಂಡೇಶನ್ ಕಟ್ಟಿ, ಹಾಡಿನ ಹೊರಗೂ ಕಲಾವಿದನ ಮನೆ, ಆಸ್ಪತ್ರೆಯ ಖರ್ಚು, ವಿಮೆ ಎಂದು ವಿಚಾರಿಸತೊಡಗಿದ್ದು ಸಣ್ಣ ಕೆಲಸವಲ್ಲ. ಆದರೆ ದೊಡ್ಡಪ್ಪನ ನಿಯಮದಂತೆ ಐವತ್ತು ದಾಟದವರನ್ನು 'ಪ್ರಭಾವಿ' ಎನ್ನುವ ಹಾಗಿಲ್ಲ. ನಾವಡರಿಗೆ ಮಾತ್ರ ಭಾವನ ಮುಖ ನೋಡಿ ವಿನಾಯಿತಿ.

ಇಷ್ಟೆಲ್ಲ ಗಂಡಸರ ಹೆಸರು ಬಂದು ಹೋಗುವಾಗ ಒಂದು ದಿನ ಬಸಳೆ ಸೋಸುತ್ತಿದ್ದ ದೊಡ್ಡಮ್ಮ ಒಳಗಿನಿಂದಲೇ, "ಲೀಲಕ್ಕನ ಹೆಸರು ಯಾರೂ ಹೇಳಿಲ್ಲ ಅಲ್ವಾ?" ಎಂದರು. ಲೀಲಾವತಿ ಬೈಪಾಡಿತ್ತಾಯರು. ಕಾಸರಗೋಡಿನ ಮಧೂರಿನವರು, ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆ ಕಲಿತು, ಹೆಂಗಸು ರಂಗಸ್ಥಳ ಹತ್ತುವುದೇ ಸುದ್ದಿಯಾಗಿದ್ದ ಕಾಲದಲ್ಲಿ ಜಾಗಟೆ ಹಿಡಿದು ತಿರುಗಾಟಕ್ಕೆ ಹೊರಟವರು. ಇವತ್ತು ಕಾವ್ಯಶ್ರೀ ಅಜೇರು, ಅಮೃತಾ ಅಡಿಗ ಅಂಥವರು ಹಾಡಲು ಕೂತರೆ ಯಾರೂ ಕುತೂಹಲದಿಂದ ಕತ್ತು ಉದ್ದ ಮಾಡುವುದಿಲ್ಲ. ಪದ್ಯ ಹೇಗಾಯಿತು ಎಂದಷ್ಟೇ ಕೇಳುತ್ತಾರೆ. 2024ರ ಡಿಸೆಂಬರಿನಲ್ಲಿ ಲೀಲಕ್ಕ ತೀರಿಕೊಂಡರು. ದೊಡ್ಡಮ್ಮನ ಮಾತಿಗೆ ದೊಡ್ಡಪ್ಪ, "ಅದು ಬೇರೆ ವಿಷಯ" ಎಂದರು. ಉತ್ತರ ಇಲ್ಲದಾಗ ಅವರು ಹೇಳುವುದು ಅದನ್ನೇ.

ಹೀಗೆ ಎಲ್ಲ ಪಕ್ಷಗಳೂ ಒಂದೇ ಕಡೆ ಸೇರಿದ್ದು ಮೊನ್ನೆ ಒಂದು ಮದುವೆಯಲ್ಲಿ. ಧಾರೆ ಆಗಿತ್ತು. ಮೊದಲ ಪಂಕ್ತಿ ತುಂಬಿ, ನಾವು ಎರಡನೆಯದಕ್ಕೆ ಕಾಯುತ್ತಾ ಪ್ಲಾಸ್ಟಿಕ್ ಕುರ್ಚಿಗಳನ್ನು ಗುಂಡಗೆ ಹಾಕಿ ಕೂತಿದ್ದೆವು. ಹಸಿವಿನಲ್ಲಿ ವಾದಕ್ಕೆ ಖಾರ ಹೆಚ್ಚು. ಭಾವ ನಾವಡರ ಭಾಗಾಕಾರ ತೆಗೆದರು. ಮಂಡೆಚ್ಚರ ಪಕ್ಷದವರು ಕಲ್ಯಾಣಿಯ ಒಂದು ತುಣುಕನ್ನು ಕುರ್ಚಿಯ ಕೈಗೆ ತಾಳ ಹಾಕಿ ಹಾಡಿಯೇ ತೋರಿಸಿದರು. ಬಾಯಿ ಐಸ್‌ಕ್ರೀಮಿನ ಕಪ್ ಹಿಡಿದೇ ವಿಲ್ಫಿಯವರ ಪರ ನಿಂತರು. ದೊಡ್ಡಪ್ಪ ಏಳು ಸ್ವರಕ್ಕೂ ಸಿಗದ ಎತ್ತರದಲ್ಲಿ ಬಲಿಪರನ್ನು ಎತ್ತಿ ಹಿಡಿಯುತ್ತಿದ್ದರು. ಆದರೆ ಅವರ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಕೊನೆಗೆ ತಾಳ್ಮೆ ಕೆಟ್ಟು ನನ್ನ ಕಡೆ ತಿರುಗಿ ಬೊಬ್ಬೆ ಹೊಡೆದರು: "ಹೋಗು ಮಾರಾಯ, ವಾಲಗದವರಿಗೆ ಸ್ವಲ್ಪ ಮೆಲ್ಲ ಊದ್ಲಿಕ್ಕೆ ಹೇಳಿ ಬಾ!"

ಹೋದೆ. ಮಂಟಪದ ಪಕ್ಕ, ಕ್ರೋಟನ್ ಕುಂಡಗಳ ನಡುವೆ, ನಾಲ್ಕು ಜನ ಕೂತಿದ್ದರು. ಇಬ್ಬರ ಕೈಯಲ್ಲಿ ಸ್ಯಾಕ್ಸೋಫೋನ್, ಒಬ್ಬರ ಮಡಿಲಲ್ಲಿ ಡೋಲು, ಇನ್ನೊಬ್ಬರದ್ದು ತಾಳ. ನಾಗಸ್ವರ ಇರಲಿಲ್ಲ. ಇರಲಿಲ್ಲ ಎಂಬುದು ಅಲ್ಲಿಗೆ ಹೋಗಿ ನಿಂತ ಮೇಲಷ್ಟೇ ನನಗೆ ಹೊಳೆದದ್ದು. ಯಾವಾಗಿನಿಂದ ಇಲ್ಲ? ನೆನಪಾಗಲಿಲ್ಲ. ಈ ಊರಿನ ಮದುವೆ, ಗೃಹಪ್ರವೇಶ, ದೇವಸ್ಥಾನದ ಬಲಿ, ದೈವದ ಕೋಲ, ಎಲ್ಲಿ ಹೋದರೂ ಈಗ ಈ ಬಾಗಿದ ಹಿತ್ತಾಳೆಯ ಕೊಳವೆಯೇ ಊದುತ್ತದೆ. ನಾವು ಅದಕ್ಕೂ 'ವಾಲಗ' ಎಂದೇ ಹೇಳುತ್ತೇವೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ತುಳುನಾಡಿನ ದೈವಗಳು ಇದರ ನಾದಕ್ಕೆ ಹೆಜ್ಜೆ ಹಾಕಬಹುದೆಂದು ಆತನ ಕನಸಿನಲ್ಲೂ ಬಂದಿರಲಾರದು.

ಇದನ್ನು ನಮ್ಮ ಚಪ್ಪರಕ್ಕೆ ತಂದವರು ಯಾರು ಎಂಬುದಕ್ಕೆ ವಾದವೇ ಇಲ್ಲ. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ನಾಗಸ್ವರ ವಿದ್ವಾನ್ ತನಿಯಪ್ಪನವರ ಮಗನಾಗಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ, ಅದರಲ್ಲಿ ಕರ್ನಾಟಕ ಸಂಗೀತ ನುಡಿಸಬೇಕೆಂದು ಹಠ ಹಿಡಿದರು. ಹಠ ಸಣ್ಣದಲ್ಲ. ನಾಗಸ್ವರದ ತೂತಿನ ಮೇಲೆ ಬೆರಳನ್ನು ಅರ್ಧ ಸರಿಸಿ ಗಮಕ ಎಳೆಯಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ತೂತಿಗೂ ನಡುವೆ ಕೀಲಿಯ ಮುಚ್ಚಳ. ತೆರೆದರೆ ಒಂದು ಸ್ವರ, ಮುಚ್ಚಿದರೆ ಇನ್ನೊಂದು, ನಡುವಿನದ್ದು ಇಲ್ಲ. ನಮ್ಮ ಸಂಗೀತ ಇರುವುದೇ ಆ ನಡುವಿನಲ್ಲಿ. ಅದನ್ನು ತುಟಿಯಲ್ಲೂ ಉಸಿರಿನಲ್ಲೂ ಹುಡುಕಿ ತೆಗೆಯುವುದಕ್ಕೆ ಅವರಿಗೆ ವರ್ಷಗಳೇ ಹಿಡಿದವು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್, ಮದ್ರಾಸಿನ ಟಿ.ವಿ. ಗೋಪಾಲಕೃಷ್ಣನ್ ಅವರಿಗೆ ಗುರುಗಳು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿ. ಅದೇ ವರ್ಷ ರಹಮಾನ್ ಸಂಗೀತದ 'ಡ್ಯುಯೆಟ್' ಸಿನಿಮಾ. 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲೇ ತೀರಿಕೊಂಡರು.

ನಮ್ಮ ಬೆಂಚಿನಲ್ಲಿ ಇಷ್ಟು ವರ್ಷ, ಅದೂ ಕದ್ರಿಯಲ್ಲೇ ಕೂತು, ಅವರ ಹೆಸರು ಬಂದೇ ಇರಲಿಲ್ಲ. ಬಲಿಪರನ್ನು ಮೆಚ್ಚಿದವರು, ಮಂಡೆಚ್ಚರನ್ನು ಮೆಚ್ಚಿದವರು, ಎಲ್ಲರೂ ಅವರ ವಾದ್ಯದ ಮೇಲಿನಿಂದ ಬೊಬ್ಬೆ ಹೊಡೆದು ವಾದ ಮಾಡುತ್ತಿದ್ದೆವು. ಯಾರ ಹಾಡು ಚೆಂದ ಎಂದು ಕೇಳಿದರೆ ಹತ್ತು ಉತ್ತರ ಬರಲಿ. ಪ್ರಭಾವ ಎಂದ ಮೇಲೆ, ಯಾರಿಂದಾಗಿ ಇಡೀ ಊರಿನ ಕಿವಿಯೇ ಬದಲಾಗಿ, ಬದಲಾದದ್ದು ಊರಿಗೆ ಗೊತ್ತೇ ಆಗಲಿಲ್ಲವೋ ಅವರದ್ದೇ ಮೇಲು ಎಂದು ನನ್ನ ಅಂದಾಜು.

ಹಾಗೆಂದು ಇದೆಲ್ಲ ಸಂತೋಷದ ವಿಷಯ ಎನ್ನಲಾರೆ. ಹಾಡು ಮುಗಿಸಿದ ಹಿರಿಯ ವಾದಕರು ಸ್ಯಾಕ್ಸೋಫೋನನ್ನು ತಲೆಕೆಳಗು ಮಾಡಿ ಒಳಗಿನ ನೀರನ್ನು ಕ್ರೋಟನ್ ಕುಂಡಕ್ಕೆ ಬಗ್ಗಿಸಿದರು. ಕತ್ತಿನ ಪಟ್ಟಿ ಸರಿಸಿದಾಗ ಅದು ಕೂತ ಜಾಗದಲ್ಲಿ ಕೆಂಪು ಗೆರೆ. ರೀಡನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ, ನಾಲಿಗೆಯಲ್ಲಿ ಒದ್ದೆ ಮಾಡಿ, ಮತ್ತೆ ಬಿಗಿದರು. ಮೆಲ್ಲ ಊದಿ ಎಂದು ಹೇಳಲು ಹೋದವನು, "ಯಾರಲ್ಲಿ ಕಲಿತದ್ದು ಅಣ್ಣಾ?" ಎಂದೆ.

"ಕಲಿತದ್ದು ನಾಗಸ್ವರ, ಅಪ್ಪನಲ್ಲಿ. ಇದು ಕದ್ರಿಯವರ ಕ್ಯಾಸೆಟ್ ಹಾಕಿ ಹಾಕಿ."

"ಅಪ್ಪನ ನಾಗಸ್ವರ?"

"ಮನೆಯಲ್ಲಿ ಉಂಟು. ಆಯುಧಪೂಜೆಗೆ ತೆಗೆದು ಹೂ ಇಡ್ತೇವೆ. ಮಕ್ಕಳಿಗೆ ಊದ್ಲಿಕ್ಕೆ ಬರುದಿಲ್ಲ. ಈಗ ಅದನ್ನು ಕೇಳುವವರೂ ಇಲ್ಲ, ಎಲ್ಲರಿಗೂ ಇದೇ ಬೇಕು."

ನಾಗಸ್ವರ ವಿದ್ವಾಂಸರ ಮಗ ನುಡಿಸಿದ ವಾದ್ಯ ನಾಗಸ್ವರವನ್ನೇ ಚಪ್ಪರದಿಂದ ಎಬ್ಬಿಸಿತು. ಅವರೇನೂ ಎಬ್ಬಿಸಬೇಕೆಂದು ಎಬ್ಬಿಸಿದ್ದಲ್ಲ. ಹಾಗೆ ನುಡಿಸಿದರೆ ಯಾರಿಗೆ ಬೇಡ? ಮುಹೂರ್ತದ ಹೊತ್ತಿಗೆ ಮೈ ಜುಮ್ಮೆನ್ನಿಸುತ್ತಿದ್ದ ಆ ಒರಟು, ಸ್ವಲ್ಪ ಅಳು ಬೆರೆತ ಮರದ ದನಿ ನನ್ನ ಕಿವಿಯಲ್ಲಿ ಇನ್ನೂ ಉಂಟು. ಅಕ್ಕನ ಮದುವೆಯ ಗಟ್ಟಿಮೇಳಕ್ಕೆ ಅದೇ ಇತ್ತು. ಆಕೆಯ ಮಗನ ಮದುವೆಗೆ ಸ್ಯಾಕ್ಸೋಫೋನೇ ಇರುತ್ತದೆ. ಅವನಿಗೆ ಏನೂ ಕಡಿಮೆ ಎನಿಸಲಾರದು.

ಕುರ್ಚಿಗಳ ಕಡೆ ವಾಪಸು ಬಂದು ನನ್ನ ಓಟು ಕದ್ರಿ ಗೋಪಾಲನಾಥರಿಗೆ ಎಂದು ಘೋಷಿಸಿದೆ. ಮೊದಲು ಎಲ್ಲರೂ ಸುಮ್ಮನಾದರು. ಆಮೇಲೆ ಎಲ್ಲ ಪಕ್ಷಗಳೂ ಮೊತ್ತಮೊದಲ ಬಾರಿ ಒಟ್ಟಾಗಿ ನನ್ನ ಮೇಲೆ ಬಿದ್ದವು. "ಅದು ಬೇರೆ ವಿಷಯ" ಎಂದರು ದೊಡ್ಡಪ್ಪ. ಅಷ್ಟರಲ್ಲಿ ಎರಡನೆಯ ಪಂಕ್ತಿಗೆ ಎಲೆ ಹಾಕಿದರು.

ನೀವು ಒಪ್ಪದಿದ್ದರೆ ಒಪ್ಪಬೇಡಿ, ನಿಮ್ಮ ಚಕ್ರವರ್ತಿ ನಿಮಗಿರಲಿ. ಒಂದು ಮಾತು ಮಾತ್ರ ನಡೆಸಿಕೊಡಿ. ಮುಂದಿನ ಸಲ ಮಂಗಳೂರಿನಲ್ಲಿ ಮದುವೆಗೆ ಹೋದಾಗ ವಾಲಗದವರಿಗೆ ಊಟ ಆಯಿತೇ ಎಂದು ವಿಚಾರಿಸಿ, ಆಗದಿದ್ದರೆ ನಿಮ್ಮ ಪಂಕ್ತಿಯಲ್ಲೇ ಎಲೆ ಹಾಕಿಸಿ. ಬೆಳಿಗ್ಗೆ ದಿಬ್ಬಣ ಬರುವಾಗ ಊದಲು ಶುರು ಮಾಡಿದವರು ಅವರು. ಕೊನೆಯ ಪಂಕ್ತಿಯ ತನಕ ಕಾದರೆ ಪಾಯಸ ಉಳಿದಿರುವುದಿಲ್ಲ.